ಓಡುವವನ ತಾಯಿ

ಸುದ್ದಿ ಬಂದಾಗ ತಾಯಿ ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಾಗಿಲಲ್ಲಿ ನಿಂತ ಪೊಲೀಸಿನವನು ಟೋಪಿ ತೆಗೆದ. ಅಷ್ಟಕ್ಕೇ ಅವಳಿಗೆ ಎಲ್ಲ ತಿಳಿದುಹೋಯಿತು. ಕೆಲಸಕ್ಕೆಂದು ಹೊರಟ ಮಗ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿದ್ದ.

ನೆರೆಯವರಿಗೆ ನಂಬಲಾಗಲಿಲ್ಲ. “ಛಾವಣಿಯಿಂದ ಛಾವಣಿಗೆ ಹಾರೋ ಹುಡುಗ, ಮಟ್ಟಸ ರಸ್ತೇಲಿ ಹೋದನಲ್ಲ!” ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಅವನ ಕೆಲಸ ಬೀದಿಗೆಲ್ಲ ಗೊತ್ತಿತ್ತು. ಮೈಗಂಟುವ ಕಪ್ಪು ಉಡುಪಿಗೆ ಬಿಳಿ ಗುಂಡುಗಳನ್ನು ಅಂಟಿಸಿಕೊಂಡು ಅವನು ಕ್ಯಾಮೆರಾಗಳ ನಡುವೆ ಓಡಾಡಬೇಕು. ಆ ಓಡಾಟವನ್ನು ಯಂತ್ರ ಹಿಡಿದು ವಿಡಿಯೋ ಆಟದ ಬೊಂಬೆಗೆ ತೊಡಿಸುತ್ತದೆ. ಸತ್ತವರು ಎದ್ದು ತಿರುಗುವ ಒಂದು ದೊಡ್ಡ ಊರು. ಬದುಕುಳಿದವನೊಬ್ಬ ಗೋಡೆ ಹತ್ತಿ, ಛಾವಣಿ ಜಿಗಿದು, ಅವರಿಂದ ತಪ್ಪಿಸಿಕೊಂಡು ಓಡುತ್ತಾನೆ. ಅದೇ ಆಟ.

“ನೋಡ್ತಾ ಇರಮ್ಮ, ಆ ಆಟದಲ್ಲಿ ಎಲ್ಲಿ ನೋಡಿದ್ರೂ ನಾನೇ ಇರ್ತೀನಿ” ಎನ್ನುತ್ತಿದ್ದ ಮಗ. ಬಲ್ಬು ಬದಲಿಸಲು ಸ್ಟೂಲು ಹತ್ತುವುದಕ್ಕೂ ಹೆದರುತ್ತಿದ್ದವನು! “ನಿನ್ನ ಭಯ ಬಿಡಿಸೋಕೆ ಸಂಬಳವೇ ಬೇಕಾಯ್ತು ನೋಡು” ಎಂದು ತಾಯಿ ಛೇಡಿಸಿದರೆ ನಕ್ಕುಬಿಡುತ್ತಿದ್ದ.

ಈಗ ಮನೆಯಲ್ಲಿ ಅವನ ಫೋಟೋಗಳಿದ್ದವು. ಎಲ್ಲದರಲ್ಲೂ ನಿಂತಿದ್ದ, ಇಲ್ಲವೇ ಕೂತಿದ್ದ. ಫೋನಿನಲ್ಲಿದ್ದ ವಿಡಿಯೋಗಳು ಫೋನಿನ ಜೊತೆಗೇ ಚಕ್ರದಡಿ ಪುಡಿಯಾಗಿದ್ದವು. ತಾಯಿಗೆ ಅವನು ನಡೆಯುವುದನ್ನು ನೋಡಬೇಕಿತ್ತು. ಒಂದೇ ಒಂದು ಸಲ. ದೇವರ ಮುಂದೆ ಕೂತರೆ ಮನಸ್ಸು ನಿಲ್ಲಲಿಲ್ಲ. ಕೊನೆಗೆ ವಿಳಾಸ ಕೇಳಿಕೊಂಡು ಆಟದ ಕಚೇರಿಗೇ ಹೋದಳು.

ಬಿಡುಗಡೆಗೆ ಮೊದಲು ಆಟವಾಡಿ, ಹುಳುಕು ಹುಡುಕಿ, ಅಂಕ ಕೊಡುವ ಹುಡುಗಿಯೊಬ್ಬಳು ಅಲ್ಲಿದ್ದಳು.

“ಹೊರಗಿನವರಿಗೆ ತೋರಿಸೋ ಹಾಗಿಲ್ಲಮ್ಮ.”

“ನಾನು ಹೊರಗಿನವಳಾ ತಾಯಿ? ಹೆತ್ತವಳು.”

ಹುಡುಗಿ ಪರದೆಯ ಮುಂದೆ ಕುರ್ಚಿ ಎಳೆದು ಕೂರಿಸಿದಳು. “ನಿಮ್ಮ ಮಗನನ್ನ ನಾನು ನೋಡಿದೋಳಲ್ಲ. ಅವರ ಕೆಲಸ ಬೇರೆ ಕಟ್ಟಡದಲ್ಲಿ. ಆದ್ರೆ ಈ ಓಟಕ್ಕೆ ಪೂರ್ತಿ ಅಂಕ ಕೊಟ್ಟಿದ್ದೀನಿ. ಮುಖ ನೋಡಬೇಡಿ, ಅದು ಬರೆದದ್ದು. ಮೈ ನೋಡಿ.”

ಪರದೆಯ ಮೇಲೆ ಅವನು ಬಂದ. ಓಡಿದ. ಗೋಡೆಗೆ ಕಾಲು ಕೊಟ್ಟು ಮೇಲಕ್ಕೆ ಚಿಮ್ಮಿದ. ಬೀದಿಯ ಮೇಲೆ ಹಕ್ಕಿಯಂತೆ ಹಾರಿ ಎದುರಿನ ಮಾಳಿಗೆಗೆ ಇಳಿದ.

ತಾಯಿ ಕಣ್ಣು ಮಿಟುಕಿಸಲಿಲ್ಲ. ಬದುಕಿದ್ದಾಗ ಮಗನ ಎಡಗಾಲು ಒಂದಿಷ್ಟು ನೆಲ ಉಜ್ಜುತ್ತಿತ್ತು. ಬಲ ಭುಜ ತುಸು ಇಳಿದಿರುತ್ತಿತ್ತು. ಚಿಕ್ಕಂದಿನಿಂದ ಹೊಲಿದ ಬಟ್ಟೆಯ ಗಂಟು ಹೊತ್ತು ಬಂದ ವಾಲು ಅದು. ಇಲ್ಲಿ ಭುಜ ನೆಟ್ಟಗಿತ್ತು. ಕಾಲು ನೆಲ ತಾಕಿದ್ದೇ ತಿಳಿಯುತ್ತಿರಲಿಲ್ಲ.

“ಇನ್ನೊಂದ್ಸಲ ಓಡಿಸಮ್ಮ.”

ಹುಡುಗಿ ಓಡಿಸಿದಳು.

“ಮೆಲ್ಲಗೆ ನಡೆಸು.”

ನಡೆಸಿದಳು. ತಾಯಿಗೆ ಅದು ಯಾರೋ ಗೊತ್ತಿಲ್ಲದವನ ನಡಿಗೆ. ಇಷ್ಟು ಬೇಗ ಮರೆತೆನೇ? ಓಣಿಯ ತಿರುವಿನಲ್ಲಿ ಹೆಜ್ಜೆ ಕೇಳಿದರೇ ತಟ್ಟೆ ಹಾಕುತ್ತಿದ್ದವಳಿಗೆ, ಕಣ್ಣೆದುರು ನಡೆದರೂ ಗುರುತು ಸಿಗದೇ? ಮಗನ ಜೊತೆ ಮಗನ ನೆನಪನ್ನೂ ಕಿತ್ತುಕೊಂಡೆಯಾ ಎಂದು ದೇವರನ್ನು ಕೇಳುವಂತಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಳಬೇಡಿ ಅಮ್ಮ. ಇದನ್ನ ಯಾರೂ ಮುಟ್ಟಲ್ಲ, ಹೀಗೇ ಉಳಿಯುತ್ತೆ” ಎಂದಳು ಹುಡುಗಿ. “ಆ ಹೆಣಗಳ ನಡಿಗೆಗೆ ಮಾತ್ರ ಅಂಕ ಕಮ್ಮಿ ಮಾಡಿದೀನಿ. ಎಲ್ಲಾ ಒಂದೇ ಅಚ್ಚಲ್ಲಿ ಎರಕ ಹೊಯ್ದ ಹಾಗಿವೆ. ಇವತ್ತು ಸಂಜೆ ಅದನ್ನೆಲ್ಲ ಅಳಿಸಿ, ಹೊಸದಾಗಿ ಮಾಡಿಸ್ತಾರೆ.”

ಅಷ್ಟರಲ್ಲಿ ಬೀದಿಯ ತುದಿಯಿಂದ ಅವು ಬಂದವು. ಮುದುಕನ ಮುಖದ್ದೊಂದು, ಹೆಂಗಸಿನ ಮುಖದ್ದೊಂದು, ಹಿಂದೆ ಒಂದು ಹಿಂಡು. ಹುಡುಗಿ ಓಡುವವನ ಕೈಗೆ ಕೊಡಲಿ ಕೊಟ್ಟು, ಅವನನ್ನು ಗೋಡೆಯತ್ತ ತಿರುಗಿಸಿದಳು.

“ನಿಲ್ಸು!”

“ಹತ್ತದೇ ಇದ್ರೆ ತಿಂದುಹಾಕ್ತವಮ್ಮ.”

“ತಿನ್ಲಿ ಬಿಡು. ಅವನ ಕೈಲಿರೋ ಕೊಡಲಿ ಕೆಳಗೆ ಹಾಕಿಸು.”

“ಅಯ್ಯೋ, ನಿಮ್ಮ ಮಗನೇ ಸಾಯ್ತಾನಲ್ಲ!”

ತಾಯಿ ಆಗಲೇ ಎದ್ದಿದ್ದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮುಂದಿನ ಹೆಣದ ನೆಲ ಉಜ್ಜುತ್ತಿದ್ದ ಎಡಪಾದ ನೋಡಿದಳು. ಅದರ ಹಿಂದಿನದರ ಪಾದ ನೋಡಿದಳು. ಅದರ ಹಿಂದಿನದನ್ನೂ ನೋಡಿದಳು. ಹುಡುಗಿ ಗಾಬರಿಯಾಗಿ ಅವಳ ತೋಳು ಹಿಡಿದುಕೊಂಡಳು.

“ಅಮ್ಮ, ಕೂತ್ಕೊಳ್ಳಿ. ನೀರು ತರ್ಲಾ?”

“ಸಂಜೆ ಇವನ್ನ ಅಳಿಸ್ತಾರೆ ಅಂದೆಯಲ್ಲ?”

“ಹೂಂ.”

“ಒಂದನ್ನೂ ಬಿಡಬೇಡಿ ಅಂತ ಹೇಳು.”

ಹೆಣಗಳು ತೋಳು ಚಾಚಿ ಪರದೆಯ ತುಂಬ ಕವಿದುಕೊಂಡವು. ತಾಯಿ ಹಿಂದೆ ಸರಿಯಲಿಲ್ಲ. ಎಲ್ಲಕ್ಕೂ ಮುಂದಿದ್ದ ಮುದುಕನ ಕೆನ್ನೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು.

“ದೇವರೇ, ಇವರೆಲ್ಲ ನನ್ನ ಮಗನೇ, ಸತ್ತ ಮೇಲೂ ನಡೀತಾನೇ ಇದ್ದಾನೆ, ಸಾಕು, ಇನ್ನಾದ್ರೂ ನೆಮ್ಮದಿಯಾಗಿ ಮಲಗಿಸಪ್ಪಾ.”