ಹೆಪ್ಪಿಗಷ್ಟು ಭರವಸೆ

ಆ ಮುಂಜಾನೆ ಗದಗಿನಲ್ಲಿ ತಂಗಾಳಿ ಬೀಸುತ್ತಿತ್ತು. ನೀಲವ್ವನ ಅಡುಗೆಮನೆಯಲ್ಲಿ ಮೊಸರಿನ ಗಡಿಗೆ ತುಂಬಿತ್ತು, ಭರವಸೆಯ ಗಡಿಗೆ ಬರಿದಾಗಿತ್ತು. ಐದು ಬೇಸ್‌ಬಾಲ್ ಪಂದ್ಯಗಳ ಸರಣಿಯಲ್ಲಿ ಗದಗ ಮೊದಲೆರಡನ್ನೂ ಸೋತಿತ್ತು. ಇನ್ನೊಂದು ಸೋತರೆ ಮುಗಿಯಿತು. ಬಟ್ಟಲು ಹಿಡಿದು ಆಕೆ ಪಕ್ಕದ ಮನೆಯ ಬಸಲಿಂಗಮ್ಮನ ಬಳಿ ಹೋದಳು. ಬಸಲಿಂಗಮ್ಮ ಎದುರಾಳಿ ಬಾಗಲಕೋಟೆಯ ಕಡೆಯವಳು.

“ಅಕ್ಕಾರ, ಹೆಪ್ಪಿಗಷ್ಟು ಭರವಸಿ ಕೊಡ್ರಿ.”

“ನಮ್ಮನ್ನ ಸೋಲ್ಸಾಕ ನಮ್ಮ ಮನೀದ ಬೇಕೇನ ನಿನಗ?” ಎಂದು ನಕ್ಕರೂ ಬಸಲಿಂಗಮ್ಮ ಒಂದು ಚಮಚ ಹಾಕಿದಳು. ಹೆಪ್ಪು ಕೇಳಿದವರಿಗೆ ಇಲ್ಲವೆನ್ನಬಾರದು.

ನೀಲವ್ವ ಶಿವನನ್ನು ನೆನೆದು ಅದನ್ನು ಬೆಚ್ಚಗಿನ ಹಾಲಿಗೆ ಬೆರೆಸಿದಳು. ಮಧ್ಯಾಹ್ನಕ್ಕೆ ಗಟ್ಟಿಯಾಯಿತು. ಗದಗ ಅಂದಿನಿಂದ ಸಾಲಾಗಿ ಮೂರೂ ಗೆದ್ದಿತು.

ಕೊನೆಯ ಸಂಜೆ ಓಣಿಯೆಲ್ಲ ಕುಣಿಯುತ್ತಿತ್ತು. ಬಸಲಿಂಗಮ್ಮನ ರೇಡಿಯೋ ಮಾತ್ರ ಸುಮ್ಮನಾಗಿತ್ತು. ನೀಲವ್ವ ಗುಲಾಲು ಮೆತ್ತಿದ ಕೈ ತೊಳೆದುಕೊಂಡು, ಬಟ್ಟಲು ತುಂಬ ಭರವಸೆ ತಂದು ಆಕೆಯ ಕೈಗಿಟ್ಟಳು.