ಹನ್ನೆರಡು ಡಬ್ಬಿ, ಒಂದೇ ಹೊಟ್ಟೆ

ಹನ್ನೆರಡು ಡಬ್ಬಿಗಳ ಮೇಲೆ ಹನ್ನೆರಡು ಹೆಸರು. ಒಳಗಿದ್ದ ಮಲ ಮಾತ್ರ ಒಬ್ಬನದೇ. ಅವನು ಗ್ರಾಂಟ್ ರೋಡಿನ ಹೋಟೆಲಿನ ಧಣಿ ಕಾಂತಪ್ಪ.

ಅವನಾದರೂ ಏನು ಮಾಡಿಯಾನು? ದಿನವೂ ಎರಡಾಣೆಯ ಚಹಾಕ್ಕೆ ಬರುತ್ತಿದ್ದ ಡಾಕ್ಟರ್ ಸಿದ್ದರಾಮಪ್ಪನವರು ಆಮಶಂಕೆಯ ಮೇಲೆ ಸಂಶೋಧನೆ ನಡೆಸುತ್ತಿದ್ದರು. ರೋಗದ ಅಮೀಬಾವನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಗಟ್ಟಿಮುಟ್ಟಾಗಿ ಓಡಾಡುವವರಿದ್ದಾರೆ, ಅಂಥವರು ಬೇಯಿಸಿದ್ದನ್ನು, ಬಡಿಸಿದ್ದನ್ನು ಉಂಡವರಿಗೆ ರೋಗ ಅಂಟುತ್ತದೆ, ಅವರನ್ನು ಮೊದಲೇ ಪತ್ತೆ ಹಚ್ಚಿದರೆ ಅರ್ಧ ಮುಂಬಯಿಯ ಹೊಟ್ಟೆನೋವು ನಿಲ್ಲುತ್ತದೆ ಎಂಬುದು ಅವರ ವಾದ. ಪರಿಚಯದ ಹೋಟೆಲಿನಿಂದಲೇ ಶುರುವಾಗಲಿ ಎಂದು ಕೆಲಸದವರ ಹೆಸರು ಬರೆದ ಡಬ್ಬಿಗಳನ್ನು ಕೊಟ್ಟುಹೋಗಿದ್ದರು. ಅಡುಗೆಯ ಭಟ್ಟರು ಡಬ್ಬಿ ನೋಡಿದ್ದೇ ತಡ, ಸೌಟು ಕೆಳಗಿಟ್ಟರು.

“ಮಡಿ ಉಟ್ಟು ಒಲೆ ಹಚ್ಚುವ ಕೈ ಇದು. ಇದರಲ್ಲಿ ಅದನ್ನು ತುಂಬಿ ಕೊಡ್ಬೇಕಾ? ನಾನು ನಾಳೆಯೇ ಊರಿಗೆ ಹೋಗ್ತೇನೆ, ಧಣಿಗಳೇ.”

ಬಡಿಸುವ ಐತನೂ ಚೆನ್ನಯನೂ ಮುಖ ತಿರುಗಿಸಿದರು. ಭಟ್ಟರು ಹೋದರೆ ಹೋಟೆಲಿಗೆ ಬೀಗ. ಡಾಕ್ಟರಿಗೆ ಇಲ್ಲ ಎಂದರೆ ಏನೋ ಮುಚ್ಚಿಡುತ್ತಿದ್ದಾನೆಂಬ ಸಂಶಯ. ಕೊನೆಗೆ ಕಾಂತಪ್ಪ ಹನ್ನೆರಡನ್ನೂ ತಾನೇ ತುಂಬಿಸಿ ಕಳಿಸಿದ. ಅದು ಮೋಸವೆಂದು ಅವನಿಗೆ ಅನಿಸಲೇ ಇಲ್ಲ. ಕೆಲಸದವರ ಕಷ್ಟವನ್ನು ಧಣಿಯಲ್ಲದೆ ಇನ್ಯಾರು ಹೊರಬೇಕು?

ಪ್ರಯೋಗಾಲಯದಲ್ಲಿ ಸಿದ್ದರಾಮಪ್ಪನವರು ಕಣ್ಣು ನೋಯುವಷ್ಟು ಹೊತ್ತು ಸೂಕ್ಷ್ಮದರ್ಶಕಕ್ಕೆ ಅಂಟಿ ಕೂತರು. ಎಲ್ಲೂ ಒಂದೇ ಒಂದು ಅಮೀಬಾ ಇಲ್ಲ!

“ಸರ್, ಎಲ್ಲದರಲ್ಲೂ ಹುರುಳಿ ಸಿಪ್ಪೆ ಕಾಣ್ತದಲ್ಲ?” ಎಂದ ಸಹಾಯಕ ಶೇಖರ.

“ಒಂದ ಅಡಗಿಮನಿ, ಒಂದ ಊಟ. ಮತ್ತೇನ ಕಾಣಬೇಕೋ ತಮ್ಮಾ?” ಎಂದು ಡಾಕ್ಟರು ನಕ್ಕರು. ಇಷ್ಟು ಶುದ್ಧವಾದ ಹೋಟೆಲು ಇಡೀ ಊರಿಗೇ ಮಾದರಿ ಎಂದು ಪ್ರಮಾಣಪತ್ರ ಬರೆದು ಸಹಿ ಹಾಕಿದರು. ಕಾಂತಪ್ಪ ಅದಕ್ಕೆ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲ್ಗಡೆ ಲಕ್ಷ್ಮಿಯ ಪಟದ ಪಕ್ಕ ತೂಗುಹಾಕಿದ. ಬೆಳಿಗ್ಗೆ ಲಕ್ಷ್ಮಿಗೆ ಹಚ್ಚಿದ ಊದುಬತ್ತಿಯ ಹೊಗೆ ಅದಕ್ಕೂ ಸಿಗುತ್ತಿತ್ತು.

ಮಳೆಗಾಲ ಕಳೆಯುವಷ್ಟರಲ್ಲಿ ಡಾಕ್ಟರ ಹೊಟ್ಟೆಯೇ ಕೆಟ್ಟಿತು. ತಮ್ಮದನ್ನೇ ಪರೀಕ್ಷಿಸಿಕೊಂಡರು. ಅಮೀಬಾ ಧಾರಾಳವಾಗಿ ಓಡಾಡುತ್ತಿತ್ತು. ವಿಜ್ಞಾನಿ ಎಂದಮೇಲೆ ತರ್ಕ ಬಿಟ್ಟಾರೆಯೇ? ತಾವು ಬಾಯಿಗಿಡುವುದು ಎರಡೇ ಕಡೆ. ಹೋಟೆಲನ್ನು ಸ್ವತಃ ಪರೀಕ್ಷಿಸಿಯಾಗಿದೆ. ಉಳಿದದ್ದು ಮುಲುಂಡದ ಮನೆ. ಮರುದಿನ ಬೆಳಿಗ್ಗೆ ಹೆಂಡತಿ ಚಂದ್ರವ್ವ ತಟ್ಟೆಗೆ ಬಿಸಿ ರೊಟ್ಟಿ ಹಾಕುತ್ತಿದ್ದಂತೆ, ಅವಳ ಮುಂದೆ ಅವಳ ಹೆಸರು ಬರೆದ ಡಬ್ಬಿಯೊಂದನ್ನು ಇಟ್ಟರು.

ಚಂದ್ರವ್ವ ಡಬ್ಬಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಕಣ್ಣು ತುಂಬಿ ಬಂತು.

“ಇಷ್ಟ ವರ್ಷ ನನ್ನ ಕೈಯಾಗಿನ ರೊಟ್ಟಿ ಉಂಡ್ರಿ. ಈಗ ಇದ ಕೈಯಾಗ ರೋಗ ಕಂಡ್ತೇನ್ರಿ ನಿಮಗ?”

“ಸಿಟ್ಟಾಗಬ್ಯಾಡ. ಇದು ವಿಜ್ಞಾನ.”

“ಹಂಗಾರ ಆ ವಿಜ್ಞಾನದ ಕಡಿಂದನ ರೊಟ್ಟಿ ಬಡಿಸ್ಕೋರಿ. ನಾ ಸಂಜೀ ಗಾಡಿಗೆ ಧಾರವಾಡಕ್ಕ ಹೊಂಟೆ.”

ಡಬ್ಬಿ ಮುಟ್ಟಲು ಹಿಂಜರಿಯುವವರಲ್ಲೇ ರೋಗವಿರುವುದು ಎಂದು ಡಾಕ್ಟರಿಗೆ ಖಾತ್ರಿಯಾಯಿತು. ಆದರೂ ಟ್ರಂಕಿಗೆ ಸೀರೆ ತುಂಬುತ್ತಿದ್ದ ಅವಳ ಬೆನ್ನು ನೋಡಿ ಎದೆ ಭಾರವಾಯಿತು. ತಟ್ಟೆಯಲ್ಲಿದ್ದ ರೊಟ್ಟಿ ಮುಟ್ಟದೆ ಲೋಕಲ್ ರೈಲು ಹಿಡಿದರು. ಮಧ್ಯಾಹ್ನ ಸೀದಾ ಹೋಟೆಲಿಗೆ ಬಂದು ತಮ್ಮ ಪ್ರಮಾಣಪತ್ರದ ಕೆಳಗೇ ಕೂತರು.

“ಇನ್ನ ಎರಡೂ ಹೊತ್ತು ನನ್ನ ಊಟ ಇಲ್ಲೇ, ಕಾಂತಪ್ಪ. ಮನಿ ಊಟದ ಮ್ಯಾಲ ನಂಬಿಕಿ ಹೋತು.”

ಕಾಂತಪ್ಪನ ಮುಖ ಅರಳಿತು. ಐತ ಸಾಂಬಾರಿನ ಬಟ್ಟಲಿನಲ್ಲಿ ಹೆಬ್ಬೆರಳು ಅದ್ದಿಕೊಂಡೇ ಬಂದು ಬಡಿಸಿ ಹೋದ. ಅಷ್ಟರಲ್ಲಿ ಗಾಂಧಿ ಟೋಪಿಯ ಡಬ್ಬಾವಾಲಾ ಒಳಗೆ ಬಂದು ಗಲ್ಲಾಪೆಟ್ಟಿಗೆಯ ಮೇಲೆ ಒಂದು ಊಟದ ಡಬ್ಬಿ ಇಟ್ಟ.

“ಇದೇನ್ರೀ ಇದು? ಹೋಟೆಲ್ ಮಾಲಕರಿಗೆ ಹೊರಗಿಂದ ಊಟ?”

“ಹೊರಗಿಂದಲ್ಲ ಡಾಕ್ಟ್ರೇ, ಮನೆಯಿಂದ. ಜೋಗೇಶ್ವರಿಯಿಂದ ನನ್ನ ಹೆಂಡತಿ ಚಂಪಾ ಕಳಿಸುದು. ನನ್ನದು ಸ್ವಲ್ಪ ನಾಜೂಕು ಹೊಟ್ಟೆ ನೋಡಿ. ಹೋಟೆಲು ಹಾಕಿದಾಗಿನಿಂದ ಇಲ್ಲಿಯ ಒಂದು ತುತ್ತು ಬಾಯಿಗಿಟ್ಟವನಲ್ಲ.”

ಮುಚ್ಚಳ ತೆಗೆದ. ಮೇಲಿನ ಬಟ್ಟಲಲ್ಲಿ ಕಂದು ಬಣ್ಣದ ಸಾರು. ಘಮ್ಮೆಂದು ಬಂದ ವಾಸನೆಗೆ ಡಾಕ್ಟರು ತಲೆಯೆತ್ತಿದರು.

“ಹುರಳಿ ಸಾರಲ್ಲ? ಕೆಲಸದವರಿಗೂ ಇದನ್ನ ಮಾಡ್ತೀರಿ, ಹೌದಲ್ಲ?” ಅವರ ದನಿಯಲ್ಲಿ ಬೇಡಿಕೊಳ್ಳುವಂಥದ್ದೇನೋ ಇತ್ತು.

“ಅಯ್ಯೋ, ಇಲ್ಲ ಮಾರಾಯ್ರೆ! ನಮ್ಮ ಭಟ್ರಿಗೆ ಹುರುಳಿಯ ವಾಸನೆಯೇ ಆಗುದಿಲ್ಲ. ಈ ಹೋಟೆಲಿನಲ್ಲಿ ಹುರುಳಿ ತಿನ್ನುವವ ನಾನೊಬ್ಬನೇ.”

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಹುರುಳಿ ಸಿಪ್ಪೆಯ ಹನ್ನೆರಡೂ ಡಬ್ಬಿಗಳು ಡಾಕ್ಟರ ಕಣ್ಣ ಮುಂದೆ ಒಂದಾದವು. ತಲೆಯ ಮೇಲೆ ಗಾಜಿನೊಳಗೆ ತಮ್ಮದೇ ಸಹಿ. ಅತ್ತ ಮುಲುಂಡದಲ್ಲಿ ಕಟ್ಟಿಟ್ಟ ಟ್ರಂಕು. ಹಿಡಿದ ತುತ್ತನ್ನು ತಟ್ಟೆಗೇ ಹಾಕಿದರು.

ಅವರ ಮುಖ ಬಿಳಚಿದ್ದು ಕಂಡು ಕಾಂತಪ್ಪನಿಗೆ ನಿಜಕ್ಕೂ ಮರುಕವಾಯಿತು. ಎದ್ದು ಬಂದು ಅವರೆದುರಿನ ತಟ್ಟೆಯನ್ನು ಆಚೆ ಸರಿಸಿ, ತನ್ನ ಬಟ್ಟಲನ್ನೇ ಮುಂದಿಟ್ಟ.

“ಹೊಟ್ಟೆ ಸರಿ ಇಲ್ಲವಾ ಡಾಕ್ಟ್ರೇ? ಹಾಗಾದ್ರೆ ಹೋಟೆಲಿನದ್ದು ಬಿಡಿ, ಇದನ್ನು ಉಣ್ಣಿ. ಹೆಂಡತಿ ಕೈಯ ಅಡುಗೆಗೆ ಯಾರಾದ್ರೂ ಹೆದರ್ತಾರಾ?”