ಚಿಕ್ಕಮ್ಮನ ಓಟು

ಹೊಸದಾಗಿ ಸುಣ್ಣ ಬಳಿದ ಗೋಡೆಯ ವಾಸನೆ ಬಂದರೆ ಈಗಲೂ ನನಗೆ ರಾಯಕೋಟೆ ಹತ್ತಿರದ ನಮ್ಮೂರ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಂದು ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಮೊದಲ ಸಲ ಓಟು ಹಾಕಲು ಹೊರಟಿದ್ದಳು. ವಯಸ್ಸು ಮೂವತ್ತು ದಾಟಿದ್ದರೂ ಅವಳಿಗೆ ಮಾತು, ತಿಳಿವಳಿಕೆ ಎಲ್ಲ ನಿಧಾನ. ಹಾಗಾಗಿ ಅವಳ ಹೆಸರನ್ನು ಪಟ್ಟಿಗೆ ಸೇರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕೊನೆಗೆ ಅಜ್ಜಿಯೇ ತಾಲ್ಲೂಕು ಆಫೀಸಿಗೆ ಮೂರು ಸಲ ಅಲೆದು ಸೇರಿಸಿದ್ದಳು. ಚಿಕ್ಕಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಒಂದು ಕೈಯಲ್ಲಿ ನನ್ನ ಬೆರಳನ್ನೂ ಇನ್ನೊಂದರಲ್ಲಿ ಚೀಟಿಯನ್ನೂ ಬಿಗಿಯಾಗಿ ಹಿಡಿದಿದ್ದಳು.

ಸಾಲಿನಲ್ಲಿ ಹಿಂದೆ ನಿಂತಿದ್ದ ಪಕ್ಕದ ಮನೆಯ ಮುನಿಯಪ್ಪ ಅಜ್ಜಿಗೆ, "ಇವಳ್ಗೇನ್ ತಿಳೀತದೆ ದೊಡ್ಡಮ್ಮ? ನೀನೇ ಜೊತೇಲಿ ಹೋಗಿ ಒತ್ಬುಡು" ಅಂದ.

"ಅವಳ ಓಟು ನಾನ್ಯಾಕ್ಲಾ ಒತ್ಲಿ?" ಅಂದಳು ಅಜ್ಜಿ.

ಚಿಕ್ಕಮ್ಮ ಒಬ್ಬಳೇ ಒಳಗೆ ಹೋಗಿ ರಟ್ಟಿನ ಮರೆಯ ಹಿಂದೆ ನಿಂತಳು. ಬಹಳ ಹೊತ್ತು ಸದ್ದೇ ಇಲ್ಲ. ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಬಾಗಿಲಲ್ಲಿದ್ದ ಅಜ್ಜಿ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಆಮೇಲೆ ಯಂತ್ರ ಉದ್ದಕ್ಕೆ ಕೂಗಿತು.

ಹೊರಬಂದವಳನ್ನು ಮುನಿಯಪ್ಪ ಕೇಳಿದ: "ಯಾರ್ಗಾಕ್ದೆ ತಾಯಿ?"

ಅವಳು ಶಾಯಿ ಹಚ್ಚಿದ ಬೆರಳನ್ನು ತುಟಿಯ ಮೇಲಿಟ್ಟು, "ಹೇಳಂಗಿಲ್ಲ ಕಣಣ್ಣ" ಅಂದಳು. ಸಾಲೆಲ್ಲ ನಕ್ಕಿತು, ಮುನಿಯಪ್ಪನೂ ನಕ್ಕ.

ಮನೆಯಲ್ಲಿ ಮುದ್ದೆ ಬಡಿಸುವಾಗ ಅಜ್ಜಿಗೂ ತಡೆಯಲಾಗಲಿಲ್ಲ. "ನಂಗಾದ್ರೂ ಹೇಳೇ" ಎಂದು ಮೆಲ್ಲಗೆ ಕೇಳಿದಳು.

"ನಿಂಗೂ ಹೇಳಲ್ಲ" ಅಂದಳು ಚಿಕ್ಕಮ್ಮ.

ಅಜ್ಜಿ ಅವಳ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.